ಎರಡು ಸೈಕಲ್, ಒಂದು ತುಪ್ಪದ ತಂಬಿಗೆ

ಸೀರೆ ಉಟ್ಟು ಸೈಕಲ್ ಹೊಡೆಯುವುದು ಅಂಥ ಕಷ್ಟದ ಕೆಲಸವೇನಲ್ಲ. ನೆರಿಗೆಯನ್ನು ಒಂದಿಷ್ಟು ಮೇಲೆತ್ತಿ ಸಿಕ್ಕಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು ಸುತ್ತಿಕೊಂಡರೆ ಮುಗಿಯಿತು. ಕಷ್ಟ ಕೊಡುವುದು ದಾರಿಯ ಎರಡೂ ಬದಿಗೆ ನಿಂತು ನೋಡುವವರ ಬಾಯಿ. ವಿಜಾಪುರ ದಾಟಿ ನಾಲ್ಕು ಮೈಲಿ ಹೋಗುವಷ್ಟರಲ್ಲಿ ನಾನು ಮೂವರ ಜೊತೆ ಜಗಳ ಮಾಡಿದ್ದೆ. ಮೂರನೆಯವನ ಹತ್ತಿರವಂತೂ ಸೈಕಲ್ ಇಳಿದು, ಸ್ಟ್ಯಾಂಡ್ ಹಾಕಿ ಜಗಳ ಮಾಡಿದೆ.

"ಹಿಂಗ ಒಬ್ಬೊಬ್ಬರಿಗೂ ಇಳದು ಉತ್ತರಾ ಕೊಟ್ಟರ ನಾವು ಕೊಲ್ಲಾಪುರ ಮುಟ್ಟೂದು ಯುಗಾದಿಗೇ ನೋಡು" ಎಂದರು ಇವರು. ಇವರು ಎಂದರೆ ನನ್ನ ಗಂಡ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ನಾನು ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ಕೊಲ್ಲಾಪುರದಲ್ಲಿ ದೊಡ್ಡ ದೊಡ್ಡ ಚಿತ್ರಗಳಿವೆ, ಅವನ್ನು ಕಣ್ಣಾರೆ ನೋಡಬೇಕು ಎಂಬುದು ಇವರ ಬಹಳ ದಿನದ ಆಸೆ. ಸೈಕಲ್ಲಿನ ಮೇಲೆಯೇ ಹೋಗಬೇಕೆಂಬುದು ನನ್ನ ಹಟ. ಸಂಕ್ರಮಣದ ರಜೆಗೆ ಮುಂದೆ ಹಿಂದೆ ನಾಲ್ಕು ದಿನ ರಜೆ ಜೋಡಿಸಿಕೊಂಡು ಹೊರಟೆವು. ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕೊಲ್ಲಾಪುರವನ್ನು ನಾನು ಈಗಲೂ ನೋಡಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಆಮೇಲೆ ಚಿತ್ರಗಳ ವಿಷಯ ಎಲ್ಲಿ ಎಂದು ಯಾರೂ ಕೇಳುವುದು ಬೇಡ.

ಹೊರಡುವ ಹಿಂದಿನ ದಿನ ಇವರು ಒಂದು ದಪ್ಪ ಹಾಳೆಯ ಮೇಲೆ ದಾರಿಯ ನಕಾಶೆ ಬರೆದರು. ವಿಜಾಪುರದಿಂದ ಉಮದಿ, ಅಲ್ಲಿಂದ ಜತ್ತ, ಮಿರಜ, ಕೊನೆಗೆ ಕೊಲ್ಲಾಪುರ. ಜತ್ತ ತಾಲೂಕಿನ ಊರುಗಳನ್ನು ಬರೆಯುವಾಗ ಇವರ ಪೆನ್ಸಿಲ್ಲು ಒಂದು ಕಡೆ ನಿಂತಿತು. ನಾನು ಅದನ್ನು ಕೈಯಿಂದ ಕಸಿದುಕೊಂಡು ದಾರಿಯನ್ನು ಬೇರೆ ಕಡೆಗೆ ಎಳೆದೆ. ಇವರು ಬರೆಯದೆ ಬಿಟ್ಟ ಊರು ವಳಸಂಗ. ಅದು ನನ್ನ ತವರು.

ಹೇಳುವುದಿದ್ದರೆ ಪೂರ್ತಿ ಹೇಳಬೇಕು. ನಮ್ಮದು ಲಿಂಗವಂತರ ಮನೆ. ಅಪ್ಪ ನಾನು ಸಣ್ಣವಳಿದ್ದಾಗಲೇ ಹೋದ. ಅವ್ವ ಒಬ್ಬಳೇ ಹೊಲ, ಎತ್ತು, ಆಳು ಎಲ್ಲವನ್ನೂ ಸಂಭಾಳಿಸಿ, ಊರವರು ಬೇಡವೆಂದರೂ ನನ್ನನ್ನು ಓದಿಸಿ, ವಿಜಾಪುರಕ್ಕೆ ನೌಕರಿಗೆ ಕಳಿಸಿದಳು. ಅಲ್ಲಿ ನಾನು ಕುರುಬರ ಮನೆಯ ಈ ಮಾಸ್ತರನ್ನು ಮೆಚ್ಚಿ, ರಜಿಸ್ಟರ್ ಮದುವೆಯಾಗಿ, ಆದ ಮೇಲೆ ಅವ್ವನಿಗೆ ಕಾಗದ ಬರೆದೆ. ಕೇಳಿ ಮಾಡಿಕೊಳ್ಳಲಿಲ್ಲ, ಮಾಡಿಕೊಂಡು ತಿಳಿಸಿದೆ. ಒಟ್ಟು ಮೂರು ಕಾಗದ ಬರೆದೆ. ಅವ್ವನಿಗೆ ಓದು ಬರುವುದಿಲ್ಲ. ಊರ ಶಾಲೆಯ ಮಾಸ್ತರರು ಓದಿ ಹೇಳಿರಬೇಕು. ಮೂರನೆಯದಕ್ಕೆ ಉತ್ತರ ಬಂತು, ಬಾಯಿಮಾತಿನಲ್ಲಿ. ವಿಜಾಪುರಕ್ಕೆ ಕಾಳು ಮಾರಲು ಬಂದಿದ್ದ ನಮ್ಮೂರಿನವರೊಬ್ಬರು ನಮ್ಮ ಬಾಗಿಲಲ್ಲಿ ನಿಂತು, ಚಪ್ಪಲಿ ಸಹ ಬಿಡದೆ, "ಕಾಗದಾ ಬರೀಬ್ಯಾಡ ಅಂತ ಹೇಳ್ಯಾರವಾ ನಿಮ್ಮವ್ವ" ಎಂದು ಹೇಳಿ ಹೋದರು. ಸಿಟ್ಟು ನಮ್ಮ ಮನೆತನದ ಆಸ್ತಿ. ಅವ್ವನ ಪಾಲಿನದು ಪೂರ್ತಿ ನನಗೇ ಬಂದಿದೆ. ಬರೆಯಬೇಡ ಎಂದರೆ ಬರೆಯುವುದಿಲ್ಲ ಎಂದು ನಾನೂ ಕೂತೆ. ಹಾಗೆ ಎರಡು ವರ್ಷ ಆಗಿತ್ತು.

ಉಮದಿ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು, ಮತ್ತು ನನ್ನ ಹಿಂದಿನ ಗಾಲಿಯಲ್ಲಿ ಗಾಳಿ ಇರಲಿಲ್ಲ. ಜಾಲಿಯ ಮುಳ್ಳು. ಪೇಟೆಯ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಇವರು ಟ್ಯೂಬು ಬಿಚ್ಚಿ ಕೂತರು. ಅಂಗಡಿಯ ಸಾಹುಕಾರರು ಹಣೆತುಂಬ ವಿಭೂತಿ ಹಚ್ಚಿಕೊಂಡ ದಪ್ಪನೆಯ ಮನುಷ್ಯ. ಗಿರಾಕಿಗಳನ್ನು ಬಿಟ್ಟು ಎದ್ದು ಬಂದು, ಇವರ ಕೈಯಿಂದ ಟ್ಯೂಬು ಇಸಿದುಕೊಂಡು, ನೀರಿನ ಬಕೀಟಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡತೊಡಗಿದರು. ಮಾತು ಮಾತ್ರ ನನಗೆ.

"ಏನ್ ಬಿಸಿಲಾಗ ನಿಂತೀರಿ, ಒಳಗ ನಡೀರಿ. ಮನ್ಯಾಗ ಹೆಣ್ಮಕ್ಕಳದಾರ. ಉಂಡ ಹೋಗೀರಂತ."

"ಬ್ಯಾಡ್ರಿ, ಬುತ್ತಿ ತಂದೀವಿ."

"ಬುತ್ತಿ ಎಲ್ಲಿಗಿ ಹೋಗತೈತ್ರಿ? ಅದು ಸಂಜಿಗಾದರೂ ಬರತೈತಿ."

ಅಂಗಡಿಯ ಹಿಂದೆಯೇ ಮನೆ. ಸಾಹುಕಾರರ ಹೆಂಡತಿ ನನ್ನನ್ನು ನೋಡಿ ಗಾಬರಿಯಾಗಲಿಲ್ಲ, ನಗಲಿಲ್ಲ. ಕಾಲಿಗೆ ನೀರು ಕೊಟ್ಟು, "ಈ ಸೀರಿ ಸೈಕಲ್ಲಿನ ಚೈನದಾಗ ಸಿಗಂಗಿಲ್ಲೇನ್ರಿ?" ಎಂದು ಒಂದೇ ಪ್ರಶ್ನೆ ಕೇಳಿದಳು. ಅದು ಬೆಳಗಿನಿಂದ ನನಗೆ ಯಾರಾದರೂ ಕೇಳಿದ ಮೊದಲ ಬುದ್ಧಿವಂತ ಪ್ರಶ್ನೆ. ನಾನು ನೆರಿಗೆ ಎತ್ತಿ ಸಿಕ್ಕಿಸುವುದನ್ನು ತೋರಿಸಿದೆ. ಅವಳು ತನ್ನ ಸೀರೆಯಲ್ಲೂ ಅದನ್ನು ಮಾಡಿ ನೋಡಿ, ಅಂಗಳದಲ್ಲಿ ಎರಡು ಹೆಜ್ಜೆ ನಡೆದು, ಬಾಯಿಗೆ ಸೆರಗು ಹಿಡಿದು ನಕ್ಕಳು.

ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾದ ಹೋಳಿಗೆ. ಸೈಕಲ್ ಹೊಡೆದ ಹೊಟ್ಟೆಗೆ ನಾಚಿಕೆ ಇರುವುದಿಲ್ಲ. ನಾನು ಆರನೆಯ ರೊಟ್ಟಿ ಮುರಿಯುತ್ತಿದ್ದಾಗ ಅವಳು ಸಹಜವಾಗಿ ಕೇಳಿದಳು.

"ತವರ ಮನಿ ಯಾವೂರ್ರಿ?"

ನಮ್ಮ ಕಡೆ ಹೆಣ್ಣುಮಕ್ಕಳು ಹೆಸರಿಗಿಂತ ಮೊದಲು ಕೇಳುವ ಮಾತು ಇದು. ಸುಳ್ಳು ಹೇಳುವಷ್ಟು ಹೊತ್ತು ಸಿಗಲಿಲ್ಲ. "ವಳಸಂಗ" ಎಂದೆ.

"ಹಂಗಾರ ಸಂಕ್ರಮಣಕ್ಕ ತವರಿಗಿ ಹೊಂಟೀರಿ ಅನ್ನ್ರಿ!"

ಇಲ್ಲ ಎನ್ನಬೇಕಾಗಿತ್ತು. ಆದರೆ ಆ ಮುಖದಲ್ಲಿ ಎಷ್ಟು ಹಿಗ್ಗು ಬಂದಿತ್ತೆಂದರೆ, ತಾನೇ ತವರಿಗೆ ಹೊರಟವಳ ಹಾಗೆ ಅವಳು ಕೈ ಒರೆಸಿಕೊಂಡು ನಿಂತಿದ್ದಳು. ನಾನು "ಹೂಂ" ಎಂದೆ. ನನ್ನ ಪಕ್ಕ ಕೂತಿದ್ದ ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು, ಮತ್ತೆ ಮುರಿದರು.

ಆ ಒಂದು "ಹೂಂ" ನಮ್ಮ ಸೈಕಲ್ಲುಗಳ ಭಾರ ಹೆಚ್ಚಿಸಿತು. ಮಗಳು ತವರಿಗೆ ಹೋಗುವಾಗ ದಾರಿಯಲ್ಲಿ ಉಂಡ ಮನೆಯವರು ಅವಳನ್ನು ಬರಿಗೈಯಲ್ಲಿ ಕಳಿಸಬಾರದು. ಸಾಹುಕಾರರ ಹೆಂಡತಿ ಕುಸುರೆಳ್ಳಿನ ಒಂದು ಡಬ್ಬಿ, ಕುಬಸದ ಒಂದು ಖಣ ತಂದು ನನ್ನ ಚೀಲದಲ್ಲಿ ತಾನೇ ಇಟ್ಟಳು. "ಖಣ ನಿಮ್ಮವ್ವಗ. ಉಮದಿ ಸಾಹುಕಾರ್ರ ಮನ್ಯಾಗಿಂದು ಅಂತ ಹೇಳ್ರಿ" ಎಂದಳು. ಊರು ದಾಟಿದ ಮೇಲೆ ಇವರು ಕೇಳಿದರು.

"ಖಣ ಯಾರಿಗಿ ಕೊಡತಿ?"

"ನಾನ ಕುಬಸಾ ಹೊಲಿಸಿಕೋತೀನಿ."

"ನಿಮ್ಮವ್ವಗ ಅಂತ ಕೊಟ್ಟಾರ."

"ನೀವು ರಸ್ತಾ ನೋಡಿ ಸೈಕಲ್ ಹೊಡೀರಿ" ಎಂದೆ. ಇವರು ರಸ್ತೆ ನೋಡಿ ಸೈಕಲ್ ಹೊಡೆದರು. ಇವರ ಜೊತೆ ಜಗಳವಾಡುವುದು ಬಹಳ ಕಷ್ಟ, ಎರಡನೆಯ ಮಾತಿಗೇ ಸುಮ್ಮನಾಗಿಬಿಡುತ್ತಾರೆ.

ಮಧ್ಯಾಹ್ನದ ಮೇಲೆ ಎದುರುಗಾಳಿ ಎದ್ದಿತು. ಬಯಲುಸೀಮೆಯ ಗಾಳಿಗೆ ಅಡ್ಡ ಏನೂ ಇರುವುದಿಲ್ಲ. ಎರಡೂ ಕಡೆ ತೆನೆ ಬಿಟ್ಟ ಬಿಳಿಜೋಳ, ನಡುನಡುವೆ ಕುಸುಬೆಯ ಹಳದಿ. ನೋಡಲು ಚೆಂದ, ತುಳಿಯಲು ಅಲ್ಲ. ಜತ್ತ ಆ ದಿನ ಮುಟ್ಟುವುದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಾಯಿತು. ಉಟಗಿ ಎಂಬ ಊರಿನ ಹತ್ತಿರ ರಸ್ತೆಯ ತುಂಬ ಕುರಿಗಳು. ಹಿಂಡಿನ ಹಿಂದೆ ತಲೆಯ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಅಜ್ಜ. ನಾವು ಇಳಿದು ನಿಂತೆವು. ಇವರ ಮುಖ ಅರಳಿತು. ಕುರಿಯ ವಾಸನೆ ಬಂದರೆ ಇವರಿಗೆ ತಮ್ಮ ಮನೆಯ ಅಂಗಳ ನೆನಪಾಗುತ್ತದೆ. ಅಜ್ಜನ ಜೊತೆ ಎರಡು ಮಾತಾಡಿದರು, ಯಾವ ಕಡೆಯವರು, ಯಾರ ಪೈಕಿ ಎಂದು. ಮೂರನೆಯ ಮಾತಿಗೆ ಅಜ್ಜ ನಮ್ಮ ಸೈಕಲ್ಲನ್ನೇ ಹಿಡಿದುಕೊಂಡು ಕುರಿಗಳ ಜೊತೆ ನಮ್ಮನ್ನೂ ಮನೆಯ ಕಡೆ ಹೊಡೆದುಕೊಂಡು ಹೊರಟ.

ಊರ ಅಂಚಿಗೆ ಮನೆ. ಅಜ್ಜನ ಹೆಂಡತಿ ಬಾಗಿಲಲ್ಲೇ ಇದ್ದಳು. ಅರವತ್ತರ ಆಚೆಯವಳು, ನೆಟ್ಟಗೆ ಎತ್ತರಕ್ಕೆ ಇದ್ದಳು. ನಾನು ಅವಳನ್ನು ಆಯಿ ಎಂದು ಕರೆದೆ. ಅವಳು ನನ್ನನ್ನು ತಂಗಿ ಎಂದಳು. ಹೊಸ ಕಂಬಳಿ ತಂದು ಪಡಸಾಲೆಯಲ್ಲಿ ಹಾಸಿ, "ಕುಂದರ್ರಿ, ಕುಂದರ್ರಿ, ಕಾಲ ಚಾಚಿ ಕುಂದರ್ರಿ" ಎಂದಳು. ಹಿರಿಯರ ಮುಂದೆ ಕಾಲು ಚಾಚುವುದು ಹೇಗೆಂದು ನಾನು ಮುದುಡಿ ಕೂತೆ. ಆಯಿ ನನ್ನ ಎರಡೂ ಪಾದ ಹಿಡಿದು ಎಳೆದು ಚಾಚಿಸಿದಳು. "ಸೈಕಲ್ಲಿಗಿ ನಾಚಲಿಲ್ಲ, ಕಾಲ ಚಾಚಾಕ ನಾಚತೀ" ಎಂದಳು. ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕಿದ್ದೂ ಅವಳೇ. ನಾನು ಬೇಡ ಬೇಡವೆನ್ನುತ್ತ, ಹಿತವಾಗಿದ್ದರಿಂದ, ಬಹಳ ಜೋರಾಗಿ ಬೇಡವೆನ್ನಲಿಲ್ಲ.

ಅಂಗಳದಲ್ಲಿ ಅಜ್ಜ ನಮ್ಮ ಸೈಕಲ್ಲುಗಳನ್ನು ಮಗ್ಗುಲಿಗೆ ಮಲಗಿಸಿದ್ದ. ಕುರಿಯ ಗೊರಸಿನಲ್ಲಿ ಮುಳ್ಳು ಹುಡುಕುವ ಹಾಗೆಯೇ ಟಾಯರಿನ ಮೇಲೆ ಹೆಬ್ಬೆರಳು ಆಡಿಸುತ್ತ, ಒಂದೊಂದೇ ಮುಳ್ಳನ್ನು ಚಿಮ್ಮಟಿಗೆಯಿಂದ ಕೀಳುತ್ತಿದ್ದ. ನಾಲ್ಕೂ ಗಾಲಿ ಮುಗಿಯುವವರೆಗೆ ಏಳಲಿಲ್ಲ. ಕಿತ್ತ ಮುಳ್ಳುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದು ನಮಗೆ ತೋರಿಸಿ, "ಇಷ್ಟ ನೋಡ್ರಿ. ಪಾಪ, ಬಾಯಿಲ್ಲದ ಪ್ರಾಣಿ" ಎಂದ. ಸೈಕಲ್ಲಿಗೆ ಹೇಳಿದ್ದು. ಇವರು ಅಜ್ಜನ ದೊಡ್ಡ ಟಗರಿನ ಚಿತ್ರ ಬರೆದುಕೊಟ್ಟರು. ಅಜ್ಜ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಎಡಗಡೆಯ ಕೊಂಬು ಇನ್ನೊಂದು ಸುತ್ತು ಸುತ್ತಬೇಕು ಎಂದ. ಇವರು ಎದ್ದು ಹೋಗಿ ಟಗರನ್ನು ನೋಡಿ ಬಂದು ಇನ್ನೊಂದು ಸುತ್ತು ಸುತ್ತಿದರು.

ಬೆಳಿಗ್ಗೆ ಆಯಿ ನಮ್ಮನ್ನು ಬಿಡಲಿಲ್ಲ. "ಸೀತನಿ ತಿನ್ನದ ಹೆಂಗ ಹೋಗತೀರಿ?" ಎಂದು ಹೊಲಕ್ಕೆ ಕರೆದುಕೊಂಡು ಹೋದಳು. ಹಾಲುಗಾಳಿನ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಹಸಿರು ಕಾಳು ಉದುರಿಸಿ ಕೊಡುತ್ತಿದ್ದಳು. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಅದರ ರುಚಿಯನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ. ಬಾಯಿ, ಕೈ, ಮೂಗು ಎಲ್ಲ ಮಸಿ ಮಾಡಿಕೊಂಡು ತಿಂದೆವು. ಅಜ್ಜ, ಇವರು ಎದ್ದು ಕುರಿಗಳ ಕಡೆ ಹೋದರು. ನಾನು, ಆಯಿ ಇಬ್ಬರೇ ಉಳಿದೆವು.

"ತವರಿಗಿ ಹೊಂಟೀ ಅಂತ ನಿನ್ನ ಗಂಡ ಹೇಳಿದ. ವಳಸಂಗಂತಲ್ಲ?"

ಇವರು ಹೇಳಿದ್ದು! ನನಗೆ ಮೈಯೆಲ್ಲ ಉರಿಯಿತು. "ಹೂಂ" ಎಂದೆ.

ಆಯಿ ನನ್ನ ಕೊರಳ ಕಡೆ ನೋಡಿದಳು. ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಸೆರಗಿನ ಹೊರಗೆ ಬಂದಿತ್ತು. ನಮ್ಮ ಜಾತಿಯ ಗುರುತು ಅದು, ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಇವರದು ಯಾವ ಮನೆ ಎಂಬುದು ಅವಳಿಗೆ ನಿನ್ನೆಯೇ ಗೊತ್ತಿತ್ತು. ಇನ್ನೊಂದು ತೆನೆ ಕೆಂಡದಲ್ಲಿಟ್ಟು, "ಮನಿಗಿ ಹೋದ ಮ್ಯಾಲೆ ನಿಮ್ಮವ್ವಗ ಒಂದಿಷ್ಟ ತುಪ್ಪಾ ಕೊಡತೀನಿ. ಮೊನ್ನಿ ಕಾಸೀನಿ" ಎಂದಳು.

"ಬ್ಯಾಡ ಆಯಿ."

"ಯಾಕ? ಸೈಕಲ್ಲಿಗಿ ಭಾರ ಆಗತೈತೇನು?"

"ಬ್ಯಾಡ ಅಂದೆ ಅಲ್ಲ" ಎಂದೆ. ದನಿ ಏರಿತ್ತು. ನಿನ್ನೆಯಿಂದ ಮಗಳ ಹಾಗೆ ನೋಡಿಕೊಂಡವಳ ಮೇಲೆ ನಾನು ರೇಗಿದ್ದೆ. ಆಮೇಲೆ ಅಳು ಬಂತು. ಅಳು ಬಂದಿದ್ದಕ್ಕೆ ಮತ್ತೆ ಸಿಟ್ಟು ಬಂತು. ಮಸಿ ಕೈಯಿಂದಲೇ ಕಣ್ಣು ಒರೆಸಿಕೊಂಡೆ. ಮೂರು ಕಾಗದ, ಬಾಗಿಲಲ್ಲಿ ಬಂದ ಉತ್ತರ, ಎರಡು ವರ್ಷ, ಎಲ್ಲ ಹೇಳಿದೆ. "ಅಕಿ ನನ್ನ ಒಳಗ ಬಿಡಂಗಿಲ್ಲ ಆಯಿ. ನಿನ್ನ ತುಪ್ಪಾ ಯಾರ ಕೈಯಾಗ ಕೊಡಲಿ?"

ಆಯಿ ಸುಟ್ಟ ತೆನೆಯನ್ನು ತಿಕ್ಕಿ, ಊದಿ, ಕಾಳನ್ನು ನನ್ನ ಕೈಯಲ್ಲಿ ಹಾಕಿದಳು. "ಮದ್ಲ ತಿನ್ನು. ಆರತೈತಿ" ಎಂದಳು. ನಾನು ತಿಂದೆ. ಅಳುತ್ತ ತಿಂದರೂ ಅದು ರುಚಿಯಾಗಿಯೇ ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಮನೆಗೆ ಬಂದ ಮೇಲೆ ಅವಳು ಒಂದು ಹಿತ್ತಾಳೆಯ ತಂಬಿಗೆ ತಂದಳು. ಕಂಠದವರೆಗೆ ತುಪ್ಪ, ಚಳಿಗೆ ಹರಳುಗಟ್ಟಿತ್ತು. ಬಾಯಿಗೆ ಬಿಳಿ ಅರಿವೆ ಕಟ್ಟಿ, ಮೇಲೆ ದಾರ ಸುತ್ತಿ, ನನ್ನ ಮುಂದೆ ಇಟ್ಟಳು.

"ನೀ ಮಗಳಾಗಿ ಹೋಗಬ್ಯಾಡ. ಮಗಳಾಗಿ ಹೋದರ ಅಕಿಗಿ ಸಿಟ್ಟ ನೆನಪಾಗತೈತಿ. ಉಟಗಿಯಿಂದ ಬಂದೀನಿ, ತುಪ್ಪಾ ಕೊಟ್ಟ ಕಳಿಸ್ಯಾರ ಅಂತ ಅನ್ನು. ಅಷ್ಟ ಅನ್ನು. ತುಪ್ಪಾ, ಕಂಬಳಿ ನಮ್ಮ ಮನೀವು ಯಾರೂ ಒಲ್ಲೆ ಅನ್ನಂಗಿಲ್ಲ. ನಿಮ್ಮ ಸ್ವಾಮಿಗೋಳೂ ನಮ್ಮ ಕಂಬಳಿ ಮ್ಯಾಲೇ ಕುಂದರತಾರ."

"ತಗೊಂಡ ಬಾಗಲಾ ಹಾಕ್ಯೋಂಡರ?"

"ಹೆಂಗ ಹಾಕ್ಯೋತಾಳ? ತಂಬಗಿ ತಿರಗಿ ಕೊಡಬೇಕಲ್ಲ. ಬರೇ ತಂಬಗಿ ಕೊಡಾಕ ಬರತೈತೇನು?"

ಅದು ನನಗೂ ಹೊಳೆದಿರಲಿಲ್ಲ. ನಮ್ಮ ಕಡೆ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವುದಿಲ್ಲ. ಜಗಳವಾಡಿದ ಮನೆಯಿಂದ ಬಂದರೂ ಒಂದು ಹಿಡಿ ಕಾಳು, ಒಂದು ತುಂಡು ಬೆಲ್ಲ, ಏನಾದರೂ ಹಾಕಿಯೇ ಕೊಡಬೇಕು. ಬರಿದು ಕಳಿಸಿದರೆ ಆ ಮನೆಯ ಮರ್ಯಾದೆ ಹೋಗುತ್ತದೆ. ಹಾಕಬೇಕೆಂದರೆ ಒಳಗೆ ಹೋಗಬೇಕು, ಚೀಲದ ಕಾಳೋ ಡಬ್ಬಿಯ ಬೇಳೆಯೋ ತೆಗೆಯಬೇಕು, ಅಷ್ಟು ಹೊತ್ತು ತಂದವರನ್ನು ಕೂಡಿಸಬೇಕು. ಆಯಿ ಇಷ್ಟನ್ನೂ ಹೊಲದಿಂದ ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಿಬಿಟ್ಟಿದ್ದಳು. ಮಾಸ್ತರಿಕೆ ಮಾಡುವವಳು ಮಾತ್ರ ನಾನು.

"ತಂಬಗಿ ಮಾತ್ರ ತಿರಗಿ ತರಬೇಕ ನೋಡವಾ. ನನ್ನ ತವರ ಮನಿದು ಅದು" ಎಂದು ಕೊನೆಗೆ ಸೇರಿಸಿದಳು.

ಉಡಿ ತುಂಬಿ ಕಳಿಸಿದಳು. ಅಜ್ಜ ಊರ ಹೊರಗಿನವರೆಗೆ ಸೈಕಲ್ಲು ಹಿಡಿದುಕೊಂಡು ಬಂದು, ಪ್ರತಿ ಗಾಲಿಯನ್ನೂ ಒಮ್ಮೆ ಒತ್ತಿ ನೋಡಿ, ವಳಸಂಗದ ದಾರಿ ತೋರಿಸಿದ.

ಇವರ ನಕಾಶೆ ಚೀಲದಲ್ಲೇ ಉಳಿಯಿತು. ತಂಬಿಗೆಯನ್ನು ನನ್ನ ಹ್ಯಾಂಡಲ್ಲಿಗೆ ತೂಗಿಸಿದ್ದೆ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಹೊತ್ತು ಏರಿದ ಹಾಗೆ ತುಪ್ಪ ಕರಗತೊಡಗಿತು. ಒಂದು ಕುಣಿಯಲ್ಲಿ ಗಾಲಿ ಇಳಿದರೆ ಅರಿವೆಯ ಮೇಲೆ ಹಳದಿ ಕಲೆ ಹರಡುತ್ತಿತ್ತು. ಹಾಗಾಗಿ ಎತ್ತಿನ ಬಂಡಿಗಿಂತ ನಿಧಾನವಾಗಿ ಹೋದೆ. ನಿಜ ಹೇಳಬೇಕೆಂದರೆ ತುಪ್ಪಕ್ಕೋಸ್ಕರ ಮಾತ್ರ ನಿಧಾನ ಮಾಡಲಿಲ್ಲ. ಎರಡು ಸಲ ನಿಂತು, ತಿರುಗಿ ಹೋಗೋಣ ಎಂದೆ.

"ತಿರಗಿ ಹೋದರ ಆಯಿಗಿ ಏನ್ ಹೇಳತಿ?" ಎಂದರು ಇವರು.

"ನೀವ ಹೇಳ್ರಿ. ತವರಿಗಿ ಹೊಂಟಾಳ ಅಂತ ಹೇಳಿದವರು ನೀವ ಅಲ್ಲೇನು?"

"ನಾ ಸುಳ್ಳ ಹೇಳಿಲ್ಲ. ಎರಡ ವರ್ಷ ಆತು, ನೀ ದಿನಾ ಹೊಂಟೀದಿ. ಮುಟ್ಟಿಲ್ಲ ಅಷ್ಟ."

ಈ ಮನುಷ್ಯನಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಸೈಕಲ್ ಹತ್ತಿದೆ.

ಊಟದ ಹೊತ್ತಿಗೆ ವಳಸಂಗ ಮುಟ್ಟಿದೆವು. ಓಣಿಯಲ್ಲಿ ಯಾರು ಯಾರು ನೋಡಿದರೋ ನಾನು ನೋಡಲಿಲ್ಲ. ಜಗಳವಾಡುವ ಶಕ್ತಿಯೂ ಇರಲಿಲ್ಲ. ಅವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಎರಡೇ ವರ್ಷದಲ್ಲಿ ಅಷ್ಟು ಬೆಳ್ಳಗಾಗಬಹುದೆಂದು ನಾನು ಎಣಿಸಿರಲಿಲ್ಲ. ಸೈಕಲ್ಲಿನ ಸಪ್ಪಳಕ್ಕೆ ತಲೆ ಎತ್ತಿದಳು. ಮೊರ ಆಡಿಸುವ ಕೈ ನಿಂತಿತು. ಮುಖದಲ್ಲಿ ಏನೂ ಬದಲಾಗಲಿಲ್ಲ.

ನಾನು ತಂಬಿಗೆ ಬಿಚ್ಚಿಕೊಂಡು ಕಟ್ಟೆಯ ಕೆಳಗೆ ನಿಂತೆ. ಆಯಿ ಹೇಳಿಕೊಟ್ಟಿದ್ದನ್ನು ಮಕ್ಕಳು ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ.

"ಉಟಗಿಯಿಂದ ಬಂದೀವ್ರಿ. ನಿಮಗ ತುಪ್ಪಾ ಕೊಟ್ಟ ಕಳಿಸ್ಯಾರ್ರಿ."

ಅವ್ವ ತಂಬಿಗೆಯನ್ನು ನೋಡಿದಳು. ಅರಿವೆಯ ಕಲೆ ನೋಡಿದಳು. ಇವರನ್ನು ನೋಡಿದಳು. ಇವರು ಸೈಕಲ್ ಹಿಡಿದುಕೊಂಡೇ ತಲೆ ಬಾಗಿಸಿ ನಿಂತಿದ್ದರು.

"ಯಾರ ಮನಿಯಿಂದ್ರಿ?" ಎಂದಳು.

ನನಗೆ ರೀ ಎಂದಳು. ನಾನು ಕುರಿಯವರ ಮನೆ, ಊರ ಅಂಚಿಗೆ, ಎಂದು ಹೇಳಿದೆ. ಅವ್ವ ಎರಡೂ ಕೈಯಿಂದ ತಂಬಿಗೆ ತೆಗೆದುಕೊಂಡಳು. "ಊಟದ ಹೊತ್ತಿಗಿ ಬಂದೀರಿ. ಒಳಗ ಬರ್ರಿ" ಎಂದಳು. ಮೊರವನ್ನು ಪಕ್ಕಕ್ಕಿಟ್ಟು ಮುಂದೆ ನಡೆದಳು.

ಒಳಗೆ ಬಿಟ್ಟಳು. ಕಾಲಿಗೆ ನೀರು ಕೊಟ್ಟಳು. ಕಂಬಳಿ ಹಾಸಿದಳು. ಆ ನಾಲ್ಕು ಗೋಡೆಯೊಳಗೆ ನಾನು ಹುಟ್ಟಿದ್ದೆ, ತೆವಳಿದ್ದೆ, ಪೆಟ್ಟು ತಿಂದಿದ್ದೆ. ಈಗ ಪಡಸಾಲೆಯ ಕಂಬಳಿಯ ಮೇಲೆ ಕಾಲು ಮಡಚಿಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ ಕೂತಿದ್ದೆ. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಬಿಸಿ ರೊಟ್ಟಿ ಮಾಡುತ್ತಿದ್ದಳು, ಬುಟ್ಟಿಯಲ್ಲಿ ಬೆಳಗಿನವು ಇದ್ದೇ ಇರುತ್ತವೆ. ಬಂದವರಿಗೆ ಬಿಸಿ ರೊಟ್ಟಿಯೇ ಆಗಬೇಕು.

ಇಬ್ಬರಿಗೂ ಹಿತ್ತಾಳೆಯ ತಾಟು ಇಟ್ಟಳು. ಅವು ಬೀಗರಿಗೆ, ಸ್ವಾಮಿಗಳಿಗೆ ತೆಗೆದಿಟ್ಟ ತಾಟು. ಆ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಉಂಡದ್ದು ಅಂಚು ನೆಗ್ಗಿದ ಅಲ್ಯುಮಿನಿಯಮ್ಮಿನ ತಾಟಿನಲ್ಲಿ. ಅವ್ವ ಇವರಿಗೆ ಮೊದಲು ಬಡಿಸಿದಳು, ಆಮೇಲೆ ನನಗೆ. ಉಟಗಿಯ ತುಪ್ಪವನ್ನೇ ಬಿಸಿ ರೊಟ್ಟಿಯ ಮೇಲೆ ಸುರಿದಳು. "ನೀಡಲೇನ್ರಿ?" "ಇನ್ನ ಒಂದ ತಗೋರಿ." "ಸಂಕೋಚ ಮಾಡಬ್ಯಾಡ್ರಿ." ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಉಮದಿಯ ಸಾಹುಕಾರರ ಮನೆಯಲ್ಲಿ ನಾನು ಆರು ರೊಟ್ಟಿ ತಿಂದಿದ್ದೆ. ಇಲ್ಲಿ ಒಂದು ತುತ್ತು ಇಳಿಯಲು ಮೂರು ಗುಟುಕು ನೀರು ಬೇಕಾಯಿತು. ಬಾಗಿಲು ಹಾಕಿಕೊಂಡಿದ್ದರೆ ಜಗಳವಾಡುತ್ತಿದ್ದೆ. ಇಷ್ಟು ಚೆನ್ನಾಗಿ ನಡೆಸಿಕೊಂಡವರ ಜೊತೆ ಏನು ಜಗಳವಾಡುವುದು?

ಊಟ ಮುಗಿಯುವ ಹೊತ್ತಿಗೆ ತೊಳೆದ ತಂಬಿಗೆ ಹೊಸ್ತಿಲ ಹತ್ತಿರ ಬಂದು ಕೂತಿತ್ತು. ಬಾಯಿವರೆಗೆ ತೊಗರಿಬೇಳೆ, ಮೇಲೊಂದು ಬೆಲ್ಲದ ತುಂಡು. ಪದ್ಧತಿ ಮುಗಿದಿತ್ತು. ಇನ್ನು ಅದನ್ನು ಎತ್ತಿಕೊಂಡು, ಬರುತ್ತೇವೆ ಎಂದು ಹೇಳಿ ಹೊರಡುವುದು. ಅವ್ವ ಇವರ ಕೈಗೆ ನೀರು ಹಾಕಲು ಚೊಂಬು ತಂದಳು. ಇವರು ಕೂತಲ್ಲೇ ತಾಟಿನಲ್ಲಿ ಕೈ ತೊಳೆದರು.

ನಾನು ಎದ್ದೆ. ಯೋಚಿಸಿ ಮಾಡಿದ್ದಲ್ಲ, ಇಪ್ಪತ್ತು ವರ್ಷದ ರೂಢಿ. ನನ್ನ ತಾಟು ಎತ್ತಿದೆ, ಅದರ ಕೆಳಗೆ ಇವರ ತಾಟು ಸೇರಿಸಿದೆ. ಎರಡು ಹೆಜ್ಜೆ ಹಿತ್ತಲ ಕಡೆ ಇಟ್ಟ ಮೇಲೆ ಎಚ್ಚರವಾಯಿತು. ಬಂದವರು ತಾಟು ಎತ್ತಬಾರದು. ಎತ್ತಲು ಹೋದರೆ ಮನೆಯವರು ಓಡಿ ಬಂದು, "ಬಿಡ್ರಿ, ಬಿಡ್ರಿ, ನೀವ್ಯಾಕ" ಎಂದು ಕಸಿದುಕೊಳ್ಳಬೇಕು. ಎಲ್ಲ ಮನೆಗಳಲ್ಲೂ ಹಾಗೆಯೇ ಮಾಡುತ್ತಾರೆ. ನಾನು ಪಡಸಾಲೆಯ ನಡುವೆ ಎಂಜಲು ತಾಟು ಹಿಡಿದುಕೊಂಡು ನಿಂತುಬಿಟ್ಟೆ. ಅವ್ವ ಆ ಮಾತು ಅಂದಳೆಂದರೆ ಮುಗಿಯಿತು. ನಾನು ಉಟಗಿಯಿಂದ ತುಪ್ಪ ತಂದವಳು, ಅಷ್ಟೇ. ತಂಬಿಗೆ ಎತ್ತಿಕೊಂಡು ಹೊರಡುವವಳು. ಇನ್ನೊಮ್ಮೆ ಈ ಮನೆಗೆ ಬರಲು ಯಾರೂ ನನಗೆ ತುಪ್ಪ ಕೊಟ್ಟು ಕಳಿಸುವುದಿಲ್ಲ.

ಅವ್ವ ಚೊಂಬು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಇವರು ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಕೂತಿದ್ದರು. ಆಮೇಲೆ ಅವ್ವ, ನಾನು ಸಣ್ಣವಳಿದ್ದಾಗಿನಿಂದ ಕೇಳಿದ ಅದೇ ಒರಟು ದನಿಯಲ್ಲಿ ಬೈದಳು.

"ಕಂಬ ನಿಂತಾಂಗ ಯಾಕ ನಿಂತೀ? ಬೂದಿ ಎಲ್ಲಿರತೈತಿ ಅಂಬೂದು ಮರತಿ ಏನು? ಮುಂಜಾನಿ ಭಾಂಡೀನೂ ಹಂಗ ಬಿದ್ದಾವ. ಹೋಗು, ತಿಕ್ಕು."

ಬೂದಿ ಹಿತ್ತಲ ಬಾಗಿಲ ಬಲಕ್ಕೆ, ಒಡೆದ ಗಡಿಗೆಯಲ್ಲಿ ಇತ್ತು. ಮೊದಲೂ ಅಲ್ಲೇ ಇರುತ್ತಿತ್ತು. ಕುಕ್ಕರಗಾಲಲ್ಲಿ ಕೂತು ತಾಟು ತಿಕ್ಕಿದೆ, ಬೆಳಗಿನ ಗಡಿಗೆ ತಿಕ್ಕಿದೆ, ಹಾಲಿನ ಪಾತ್ರೆ ತಿಕ್ಕಿದೆ. ಕಣ್ಣು ಕಾಣುತ್ತಿರಲಿಲ್ಲ. ಬೆಳಗಿ ಬೋರಲು ಹಾಕಿದ್ದ ಪಾತ್ರೆಗಳನ್ನೂ ಎಳೆದುಕೊಂಡು ಮತ್ತೊಮ್ಮೆ ತಿಕ್ಕಿದೆ. ಒಳಗೆ ಅವ್ವ ಇವರಿಗೆ, "ನೀವು ಒಂದ ಗಳಿಗಿ ಅಡ್ಡ ಆಗ್ರಿ, ದಣದೀರಿ" ಎನ್ನುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ನನ್ನ ಹಿಂದೆ ಬಂದು ನಿಂತಳು. ನಾನು ತಿರುಗಿ ನೋಡಲಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟಳು, ಇಟ್ಟು ಹಾಗೆಯೇ ನಿಂತಳು.

"ತಳಾ ತಿಕ್ಕು, ತಳಾ. ಮಸಿ ಹಂಗ ಐತಿ" ಎಂದಳು.

ನಾನು ತಳ ತಿಕ್ಕಿದೆ.